ಗಂಗಕ್ಕ ಕಲ್ಲು ಗುರುತಿಸಿದ ಆಷಾಢ

ಹೋದ ತಿಂಗಳು ಅಮಾವಾಸ್ಯೆಯ ದಿನ ಬಾಗಲಕೋಟೆ ವಿದ್ಯಾಗಿರಿಯ ಒಂದು ಟ್ಯೂಷನ್ ಕ್ಲಾಸಿನಿಂದ ಫೋನು ಬಂತು, ಇಂಟರ್‌ನೆಟ್ ನಿಂತಿದೆ ಎಂದು. ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಒಳಗೆ ಹೋದರೆ ಅದೇ ತಾನೇ ಪೂಜೆ ಮುಗಿದಿದೆ. ಗೋಡೆಯ ಮೇಲಿನ ರೌಟರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೆಳಗೆ ಸ್ಟೂಲಿನ ಮೇಲೆ ಒಡೆದ ತೆಂಗಿನಕಾಯಿ. ಕರ್ಪೂರದ ಹೊಗೆ, ಬೆಚ್ಚಗಾದ ಪ್ಲಾಸ್ಟಿಕ್ಕು, ಕಿಟಕಿಯಿಂದ ಬರುವ ಒದ್ದೆ ಮಣ್ಣು, ಮೂರರ ವಾಸನೆಯೂ ಒಂದಾಗಿ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಸಾಮಾನಿನ ಚೀಲ ಕೆಳಗಿಟ್ಟೆ. ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟೆ.

"ಏನಾತ್ರಿ ಸರ? ಬಿಪಿ ಗಿಪಿ ಐತೇನ್ರಿ?" ಅಂದರು ಅಲ್ಲಿನ ಮೇಡಂ, ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದುಕೊಂಡು.

ಬಿಪಿ ಅಲ್ಲ. ಆರು ವರ್ಷದ ಹಿಂದಿನ ಇಳಕಲ್ಲು ನೆನಪಾಗಿತ್ತು. ಅವರಿಗೆ ಅದನ್ನೆಲ್ಲ ಹೇಳುವುದು ಹೇಗೆ? ಬೆಳಗ್ಗೆ ತಿಂಡಿ ತಿಂದಿಲ್ಲ ಎಂದು ಸುಳ್ಳು ಹೇಳಿದೆ. ಅವರು ಪಾಪ, ಎರಡು ಹೋಳು ಕೊಬ್ಬರಿಯನ್ನೂ ಬೆಲ್ಲವನ್ನೂ ಹೆಚ್ಚಿಗೆ ಕೊಟ್ಟರು.

ಆಫೀಸುಗಳಿಗೆ ಇಂಟರ್‌ಕಾಮ್, ಇಂಟರ್‌ನೆಟ್, ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. ಓದಿದ್ದು ಡಿಪ್ಲೊಮಾ. ಜನ ಇಂಜಿನಿಯರ್ ಅನ್ನುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಆಗಿನ್ನೂ ಅಂಗಡಿ ಹಾಕಿ ಎರಡು ವರ್ಷ ತುಂಬಿರಲಿಲ್ಲ. ಮಗಳು ಹುಟ್ಟಿದ್ದಳು. ಕೈಯಲ್ಲಿದ್ದ ಗಿರಾಕಿಗಳಲ್ಲಿ ದೊಡ್ಡವರೆಂದರೆ ಇಳಕಲ್ಲಿನ ಒಬ್ಬ ಸಾವಕಾರರು. ಇಳಕಲ್ಲು ಎಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ನನಗೆ ನೆನಪಾಗುವುದು ಕಲ್ಲು. ಊರ ಹೊರಗೆ, ಹೆದ್ದಾರಿಯ ಪಕ್ಕ ಅವರ ಗ್ರಾನೈಟ್ ಕಾರ್ಖಾನೆ ಇತ್ತು. ಗಣಿಯಿಂದ ಬಂದ ಕೆಂಪು ಕಲ್ಲಿನ ದೊಡ್ಡ ದೊಡ್ಡ ದಿಮ್ಮಿಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತಿದ್ದರು. ಯಾವ ನಂಬರಿನ ಕಲ್ಲು ಯಾರಿಗೆ, ಎಷ್ಟು ದಪ್ಪ ಕೊಯ್ಯಬೇಕು, ಯಾವ ಮಗ್ಗುಲಲ್ಲಿ ಬಿರುಕಿದೆ, ಎಲ್ಲವೂ ಆಫೀಸಿನ ಒಂದು ಕಂಪ್ಯೂಟರಿನಲ್ಲಿ. ಕಲ್ಲಿನ ಮೇಲೆ ನಂಬರು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ.

ಸಾವಕಾರರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುವುದಿಲ್ಲ. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಮಾತು ಕಡಿಮೆ. ಬೈದರೂ ಮೆತ್ತಗೇ ಬೈಯುತ್ತಿದ್ದರು. ಕೂಲಿಯವರ ಜೊತೆ ಒಂದೇ ಸಾಲಿನಲ್ಲಿ ಕೂತು ಊಟ ಮಾಡುವುದು ಅವರ ಮನೆತನದ ರೂಢಿ. ಬಸವಣ್ಣನ ಫೋಟೋಕ್ಕೆ ಕೈಮುಗಿಯದೆ ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ.

ಗಂಗಕ್ಕ ಆ ಆಫೀಸಿಗೆ ಟೆಲಿಫೋನ್ ಬೋರ್ಡಿನ ಮುಂದೆ ಕೂಡಲು ಬಂದವಳು. ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹುನಗುಂದದ ಕಡೆಯ ಹಳ್ಳಿಯವಳು, ಬೀರಪ್ಪನ ಒಕ್ಕಲು, ಅಪ್ಪ ಕುರಿ ಕಾಯುತ್ತಿದ್ದವನು. ಪಿಯುಸಿ ಮುಗಿಸಿ ಈ ನೌಕರಿ ಹಿಡಿದಿದ್ದಳು. ಮದುವೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಫೋನಿನಲ್ಲೇ ಹಿಂದಿ ಕಲಿತಳು, ಅರ್ಧಂಬರ್ಧ ತಮಿಳು ಕಲಿತಳು. ಅತ್ತಲಿಂದ 'ಹಲೋ' ಎಂದರೆ ಸಾಕು, ಊರು, ಹೆಸರು, ಯಾವ ಕಲ್ಲಿನ ತಕರಾರು ಎಂದು ಇವಳೇ ಹೇಳುತ್ತಿದ್ದಳು. ಗಿರಾಕಿಗಳ ಮಕ್ಕಳ ಪರೀಕ್ಷೆ, ಹೆಂಡತಿಯ ಮೊಣಕಾಲು ನೋವು, ಎಲ್ಲವೂ ಅವಳಿಗೆ ಗೊತ್ತಿರುತ್ತಿತ್ತು.

ಅವಳ ಆ ಬೋರ್ಡನ್ನು ತೆಗೆದು ಹಾಕಿದವನು ನಾನೇ. ಆ ವರ್ಷದ ಬೇಸಿಗೆಯಲ್ಲಿ ಹೊಸ ಯಂತ್ರ ತಂದು ಕೂಡಿಸಿದೆ. ಫೋನು ಬಂದರೆ ಯಂತ್ರವೇ ಎತ್ತಿ, ಮಾರಾಟಕ್ಕೆ ಒಂದನ್ನು ಒತ್ತಿ, ಲಾರಿಗಳ ವಿಚಾರಕ್ಕೆ ಎರಡನ್ನು ಒತ್ತಿ, ಎಂದು ಹೇಳುತ್ತಿತ್ತು. ಸಾವಕಾರರಿಗೆ ಹಿಗ್ಗೋ ಹಿಗ್ಗು. ತಮ್ಮದೇ ಮೊಬೈಲಿನಿಂದ ತಮ್ಮದೇ ಆಫೀಸಿಗೆ ಮೂರು ಮೂರು ಸಲ ಮಾಡಿ ಕೇಳಿದರು. ಗಂಗಕ್ಕ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ನನ್ನ ಹತ್ತಿರ ಬಂದು, "ಇನ್ನ ನಾ ಏನ್ ಮಾಡ್ಲೋ ತಮ್ಮಾ?" ಎಂದಳು. ನನಗೆ ಕೆಟ್ಟೆನಿಸಿತು. ಸಾವಕಾರರಿಗೆ ಹೇಳಿ ಅವಳಿಗೊಂದು ಕೆಲಸ ಹುಟ್ಟಿಸಿದೆ. ಕಂಪ್ಯೂಟರಿನ ಫೈಲುಗಳನ್ನೆಲ್ಲ ದಿನವೂ ಒಂದು ಸಣ್ಣ ಡಿಸ್ಕಿಗೆ ನಕಲು ಮಾಡಿ ಎತ್ತಿಡುವ ಕೆಲಸ.

"ಇದರಾಗ ಆಫೀಸಿನ ಜೀವ ಐತ್ರಿ ಅಕ್ಕಾ. ನಕಲು ಮಾಡೂದು ಮುಗೀತಂದ್ರ ತಗದುಬಿಡಬೇಕು. ಹಚ್ಚಿ ಬಿಡಾಂಗಿಲ್ಲ. ಕಂಪ್ಯೂಟರಿಗೆ ಏನರ ಆದ್ರ ಇದಕ್ಕೂ ಆಗತೈತಿ" ಎಂದಿದ್ದೆ.

ನಾನು ಅವಳ ಸಮಾಧಾನಕ್ಕೆ ಹೇಳಿದ್ದು. ಅವಳು ಅದನ್ನು ನೇಮದಂತೆ ಹಿಡಿದಳು. ಸಂಜೆ ಐದಕ್ಕೆ ಡಿಸ್ಕು ಹಚ್ಚುವುದು, ನಕಲು ಮುಗಿದ ಮೇಲೆ ತೆಗೆದು, ಸೆರಗಿನಿಂದ ಒರೆಸಿ, ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕುವುದು. ಜ್ವರ ಬಂದ ದಿನವೂ ಬಂದು ಇದೊಂದನ್ನು ಮಾಡಿ ಹೋಗಿದ್ದಳಂತೆ.

ಇತ್ತ ನನ್ನ ಶಿಸ್ತು ಎಂಥದು ಎಂಬುದನ್ನೂ ಹೇಳಬೇಕು. ಬಾಗಲಕೋಟೆಯಿಂದ ಇಳಕಲ್ಲಿಗೆ ಬೈಕಿನ ಮೇಲೆ ಹೋಗಬೇಕೆಂದರೆ ಅಮೀನಗಡ, ಹುನಗುಂದ ದಾಟಿ, ಬೆನ್ನು ಬಿದ್ದುಹೋಗುವಷ್ಟು ದೂರ. ಪ್ರಿಂಟರು ಕೆಟ್ಟಿದೆ ಎಂದು ಕರೆಯುವರು. ಹೋಗಿ ನೋಡಿದರೆ ಕಾಗದ ಮುಗಿದಿರುತ್ತಿತ್ತು. ನನಗೆ ಸಾಕಾಗಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ಒಂದು ಪ್ರೋಗ್ರಾಮು ಹಾಕಿದೆ. ಅದನ್ನು ಭದ್ರವಾಗಿ ಹಾಕುವ ಕ್ರಮ ಬೇರೆ ಇತ್ತು, ಗೊತ್ತೂ ಇತ್ತು, ಅರ್ಧ ದಿನ ಕೂತು ಮಾಡಬೇಕು. ನಾನು ಅದನ್ನು ಮಾಡದೆ ರೌಟರಿನಲ್ಲಿ ಹೊರಗಿನವರಿಗೂ ಕಾಣುವ ಹಾಗೆ ಒಂದು ಬಾಗಿಲು ತೆರೆದಿಟ್ಟು, ನನ್ನ ಬೈಕಿನ ನಂಬರನ್ನೇ ಪಾಸ್‌ವರ್ಡ್ ಕೊಟ್ಟು ಎದ್ದು ಬಂದೆ. ನನ್ನ ಎಲ್ಲ ಗಿರಾಕಿಗಳಿಗೂ ಅದೇ ನಂಬರು. ನೆನಪಿಡಲು ಸುಲಭ.

ಆಮೇಲೆ ವಿದ್ಯಾಗಿರಿಯಲ್ಲಿ ಚಹಾ ಕುಡಿಯುತ್ತ ಇಳಕಲ್ಲಿನ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಅಲ್ಲಿ ಪರದೆಯ ಮೇಲೆ ಬಾಣ ತಾನಾಗಿ ಓಡಾಡುವುದನ್ನು ಕಂಡರೆ ಗಂಗಕ್ಕನಿಗೆ ಖುಷಿ. "ಬಂದ್ಯಾ ತಮ್ಮಾ? ಬಾರಪಾ, ಕುಂದ್ರು. ಚಾ ತರ್ಸಲೇನು?" ಎಂದು ಪರದೆಯ ಜೊತೆಗೇ ಮಾತಾಡುತ್ತಿದ್ದಳೆಂದು ಅಲ್ಲಿನವರು ಹೇಳಿ ನಗುತ್ತಿದ್ದರು. ಬಾಣ ಓಡಾಡುತ್ತಿರುವಾಗ ಅವಳು ಏನನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ನನ್ನ ಕೆಲಸ ಕೆಡುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ.

ಪ್ರತಿ ಅಮಾವಾಸ್ಯೆಗೂ ಅಲ್ಲಿ ಪೂಜೆ ಆಗುತ್ತಿತ್ತು. ಆ ದಿನ ಅಲ್ಲಿ ಯಾವ ವಸ್ತುವೂ ಆರಿ ತಣ್ಣಗೆ ಕೂಡುವಂತಿರಲಿಲ್ಲ. "ದುಡಿಯೂ ವಸ್ತು ದುಡಕೋತನ ಪೂಜಿ ತಗೋಬೇಕು" ಎಂಬುದು ಸಾವಕಾರರ ಅಪ್ಪನ ಕಾಲದ ಮಾತು. ಕಲ್ಲು ಕೊಯ್ಯುವ ಯಂತ್ರವನ್ನು ಕಲ್ಲಿಲ್ಲದೆ ಸುಮ್ಮನೆ ತಿರುಗಿಸುವರು, ಲಾರಿಗಳ ಇಂಜಿನ್ ಚಾಲೂ ಮಾಡುವರು, ಆಫೀಸಿನಲ್ಲಿ ಕಂಪ್ಯೂಟರು, ಫೋನು, ಪ್ರಿಂಟರು ಎಲ್ಲ ಹಚ್ಚುವರು. ಡಿಸ್ಕಿಗೂ ಪಾಲು ಬೇಕಲ್ಲ? ಗಂಗಕ್ಕ ಅದನ್ನೂ ಹಚ್ಚಿ, ಅದರ ನೀಲಿ ದೀಪ ಮಿಣುಕುವಾಗ ವಿಭೂತಿ ಬಳಿದು, ಮಂಗಳಾರತಿ ಆದ ಮೇಲೆ ತೆಗೆದುಬಿಡುತ್ತಿದ್ದಳು. ಹತ್ತು ನಿಮಿಷದ ಮಾತು. ನಾನೂ ಒಮ್ಮೆ ಅಲ್ಲಿದ್ದು ಕಂಡಿದ್ದೆ. ಕೊಬ್ಬರಿ ತಿಂದು, ಚೆನ್ನಾಗಿದೆ ಎಂದು ನಕ್ಕು ಬಂದಿದ್ದೆ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಸಾವಕಾರರ ಫೋನು ಬಂತು.

"ಯಾವ ಫೈಲೂ ತಗೀವಲ್ದು. ಇಂಗ್ಲಿಷಿನ್ಯಾಗ ಏನೋ ಬರದೈತಿ. ಲಗೂನ ಬಾ."

ಅಮೀನಗಡ ದಾಟುವಾಗ ಮಳೆ ಶುರುವಾಯಿತು. ನಮ್ಮ ಕಡೆಯ ಆಷಾಢದ ಮಳೆ ಸುರಿಯುವುದೇ ಇಲ್ಲ, ಗಾಳಿಯ ಜೊತೆ ಬಂದು ಮುಖಕ್ಕೆ ಚುಚ್ಚಿ ಹೋಗುತ್ತದೆ. ಇಳಕಲ್ಲು ಮುಟ್ಟುವ ಹೊತ್ತಿಗೆ ನಾನು ಒದ್ದೆಯಾಗಿದ್ದೆ, ಮನಸ್ಸಿನಲ್ಲಿ ಏನಾಗಿರಬಹುದೆಂಬ ಅನುಮಾನವೂ ಬಲಿತಿತ್ತು. ಕಂಪ್ಯೂಟರಿನ ಮೇಲೆ ಗಂಗಕ್ಕ ಮಾಡಿದ ಎರಡು ಮಣ್ಣೆತ್ತುಗಳು ಇನ್ನೂ ಹೂವಿನ ಸಮೇತ ನಿಂತಿದ್ದವು. ಕೆಳಗೆ ಪರದೆಯಲ್ಲಿ, ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಹಣ ಕಳಿಸಿ, ಎಂಬ ಬರಹ. ಡಿಸ್ಕು ಕಂಪ್ಯೂಟರಿಗೆ ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಅದರ ಫೈಲುಗಳಿಗೂ ಬೀಗ ಬಿದ್ದಿತ್ತು.

ರೌಟರಿನ ಒಳಗೆ ಯಾರು ಬಂದರು, ಯಾವಾಗ ಬಂದರು ಎಂಬ ದಾಖಲೆ ಇರುತ್ತದೆ. ನಾನೊಬ್ಬನೇ ಕೂತು ತೆಗೆದು ನೋಡಿದೆ. ಹಿಂದಿನ ದಿನ ಪೂಜೆಯ ಹೊತ್ತಿಗೆ, ನಾನು ತೆರೆದಿಟ್ಟ ಬಾಗಿಲಿನಿಂದಲೇ ಯಾರೋ ಒಳಗೆ ಬಂದಿದ್ದರು. ನನ್ನ ಬೈಕಿನ ನಂಬರನ್ನು ಅವರ ಯಂತ್ರ ಹುಡುಕಿ ತೆಗೆದಿತ್ತು. ಹೋಗಿ ಸಾವಕಾರರ ಮುಂದೆ ನಿಂತು ಹೇಳಿಬಿಡಬೇಕು ಎಂದು ಎದ್ದದ್ದೂ ಖರೆ. ಎದ್ದವನು ಮತ್ತೆ ಕೂತೆ. ಬಾಗಿಲು ಮುಚ್ಚಿದೆ, ದಾಖಲೆ ಅಳಿಸಿದೆ. ಆಮೇಲೆ ಹಿತ್ತಲಿನ ನಳಕ್ಕೆ ಹೋಗಿ ಕೈ ತೊಳೆದುಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಸಾಬೂನು ಹಚ್ಚಿ ತೊಳೆದುಕೊಂಡೆ.

ಮಧ್ಯಾಹ್ನ ಸಾವಕಾರರು ನಮ್ಮಿಬ್ಬರನ್ನೂ ಕರೆದರು.

"ಡಿಸ್ಕ್ ಹಚ್ಚಿಟ್ಟಾವ್ರು ಯಾರು?"

"ನಾನ್ರಿ" ಎಂದಳು ಗಂಗಕ್ಕ.

"ಪೂಜಿ ಆದ ಮ್ಯಾಲ ತಗೀತಿದ್ದೆಲ್ಲವಾ. ನಿನ್ನಿ ಯಾಕ ತಗೀಲಿಲ್ಲ?"

ಗಂಗಕ್ಕ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೆ. ಆಮೇಲೆ ನೆಲ ನೋಡಿ, "ಮರತೇನ್ರಿ" ಎಂದಳು.

ಸಾವಕಾರರು ನನ್ನ ಕಡೆ ತಿರುಗಿದರು. "ಡಿಸ್ಕ್ ತಗದಿದ್ರ ಉಳೀತಿತ್ತೇನು?"

"ಹೌದ್ರಿ" ಎಂದೆ. ಅದು ಸುಳ್ಳಲ್ಲ. ತೆಗೆದಿದ್ದರೆ ಉಳಿಯುತ್ತಿತ್ತು. ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ.

ಹಣ ಕಳಿಸುವ ಮಾತನ್ನು ಸಾವಕಾರರು ಒಪ್ಪಲಿಲ್ಲ. "ಮಾರಿ ತೋರಸದವಗ ನಾ ಏನೂ ಕೊಡಾಂಗಿಲ್ಲ" ಎಂದರು. ಆದರೆ ಬಯಲಿನಲ್ಲಿ ಇನ್ನೂರಕ್ಕೂ ಹೆಚ್ಚು ಕಲ್ಲುಗಳು ನಂಬರು ಹೊತ್ತು ನಿಂತಿದ್ದವು, ಯಾವುದು ಯಾರದೆಂದು ಹೇಳುವವರಿಲ್ಲ. ಕೊಯ್ಯುವ ಯಂತ್ರ ನಿಂತಿತು. ಲಾರಿಗಳು ಹೆದ್ದಾರಿಯ ಪಕ್ಕ ಸಾಲುಗಟ್ಟಿದವು. ಕೂಲಿಯವರು ತಗಡಿನ ಕೆಳಗೆ ಬೀಡಿ ಸೇದುತ್ತ ಕೂತರು. ಒಳಗೆ ನಾನು ಕೂಡಿಸಿದ ಯಂತ್ರ ಮಾತ್ರ, ಮಾರಾಟಕ್ಕೆ ಒಂದನ್ನು ಒತ್ತಿ, ಎಂದು ಗಿರಾಕಿಗಳಿಗೆ ಹೇಳುತ್ತಲೇ ಇತ್ತು. ಅದರ ಕತ್ತು ಹಿಸುಕಬೇಕು ಎನಿಸಿತ್ತು ನನಗೆ.

ಮೂರನೆಯ ದಿನ ಗಂಗಕ್ಕ ಸಾವಕಾರರ ಕೋಣೆಗೆ ಹೋಗಿ, "ಕಲ್ಲು ಯಾರ್ಯಾರವು ಅಂತ ನನಗ ಗೊತ್ತೈತ್ರಿ, ಒಂದಷ್ಟು. ನೋಡ್ಕೋತ ಹೋದ್ರ ನೆನಪಾಗತಾವು" ಎಂದಳು. ಸಾವಕಾರರು ನಂಬಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಅವಳು ಹೇಳುವುದು, ನಾನು ಬರೆದುಕೊಳ್ಳುವುದು ಎಂದಾಯಿತು.

ಆಷಾಢದ ಮೂರು ವಾರ ನಾವಿಬ್ಬರೂ ಆ ಬಯಲಿನಲ್ಲಿ ಕಳೆದೆವು. ದಿನವೂ ಮೋಡ. ಬಿಸಿಲೆಂಬುದು ಕಾಣಲಿಲ್ಲ. ಗಾಳಿಗೆ ಅವಳ ಛತ್ರಿ ಮೂರು ಸಲ ಮಗುಚಿ, ಕೊನೆಗೆ ಕಡ್ಡಿ ಮುರಿದ ಮೇಲೆ ಪ್ಲಾಸ್ಟಿಕ್ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿಕೊಂಡು ತಲೆಗೆ ಹಾಕಿಕೊಂಡಳು. ನಾನು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಹಿಡಿದು ಅವಳ ಹಿಂದೆ ನಡೆಯುತ್ತಿದ್ದೆ. ಕಲ್ಲಿನ ಪುಡಿ ನೆಂದು ಕೆಸರಾಗಿ ಚಪ್ಪಲಿಗೆ ಮೆತ್ತುತ್ತಿತ್ತು. ಅವಳು ಒಂದು ಕಲ್ಲಿನ ಮುಂದೆ ನಿಲ್ಲುವಳು, ಅದರ ಮೈ ಸವರುವಳು, ಸುತ್ತು ಹಾಕುವಳು.

"ಬರ್ಕೊ. ಇದು ಆ ಕೆಮ್ಮೂ ಮುದುಕಂದು. ದೀಪಾವಳಿ ಮುಂದ ಫೋನ್ ಮಾಡಿ, ಕಪ್ಪ ಗೆರಿ ಇದ್ದದ್ದ ಬ್ಯಾಡ ಅಂದಿದ್ದ. ಸಾವಕಾರ್ರು ಇದನ್ನ ಎತ್ತಿಟ್ರು. ಎರಡ ಇಂಚ ದಪ್ಪ ಕೊಯ್ಬೇಕು. ಎಡ ಮಗ್ಗಲಾ ಬಿಡಬೇಕು, ಒಳಗ ಸೀಳೈತಿ."

ನಾನು ಬೆರಗಾಗಿ ನಿಂತರೆ ಅವಳಿಗೆ ನಗು. "ನಮ್ಮಪ್ಪ ಕುರಿ ಹಿಂಡಿನ್ಯಾಗ ಮಾರಿ ನೋಡಿ ಇದು ಯಾರ ಮರಿ ಅಂತ ಹೇಳ್ತಿದ್ದ. ಕಲ್ಲಿಗೇನು, ಓಡಿನೂ ಹೋಗಾಂಗಿಲ್ಲ."

ಸಂಜೆ ಆ ಪಟ್ಟಿ ಹಿಡಿದು ಒಬ್ಬೊಬ್ಬ ಗಿರಾಕಿಗೂ ಅವಳೇ ಫೋನು ಮಾಡಿ ಕೇಳಿ, ಸರಿಯಿದೆಯೆಂದು ಗುರುತು ಹಾಕುತ್ತಿದ್ದಳು. ಅಷ್ಟೂ ದಿನದಲ್ಲಿ ತಪ್ಪಿದ್ದು ಎರಡೇ ಕಲ್ಲು. ಮಧ್ಯಾಹ್ನ ಅವಳು ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿ, ಪುಂಡಿಪಲ್ಯ ನನಗೂ ಪಾಲು. "ತಿನ್ನೋ, ಹಸಗೂಸಿನ ಮನಿ, ನಿದ್ದಿನೂ ಇರಾಂಗಿಲ್ಲ ನಿನಗ" ಎನ್ನುವಳು. ಆ ರೊಟ್ಟಿಯನ್ನು ನೀರು ಕುಡಿದು ಇಳಿಸುತ್ತಿದ್ದೆ.

ಎರಡನೆಯ ವಾರದ ಒಂದು ದಿನ, ಬಯಲಿನ ತುದಿಯ ಸಾಲಿನಲ್ಲಿದ್ದೆವು. ಸುತ್ತ ಯಾರೂ ಇರಲಿಲ್ಲ. ಅವಳು ಕಲ್ಲಿನ ಮೇಲೆ ಕೈ ಇಟ್ಟುಕೊಂಡೇ, ನನ್ನ ಕಡೆ ತಿರುಗದೆ ಕೇಳಿದಳು.

"ತಮ್ಮಾ, ಅಮಾವಾಸ್ಯಿ ದಿನ ಪೂಜಿ ಹೊತ್ತಿನ್ಯಾಗ ನೀ ಕಂಪ್ಯೂಟರಿನ್ಯಾಗ ಬಂದಿದ್ದೇನು?"

"ಇಲ್ರಿ ಅಕ್ಕಾ. ನಾ ಅವತ್ತ ಮನ್ಯಾಗ ಇದ್ದೆ. ಯಾಕ್ರಿ?"

"ಬಾಣ ಓಡ್ಯಾಡಾಕ ಹತ್ತಿತ್ತು. ಮಂಗಳಾರತಿ ಆಗಿತ್ತು, ಡಿಸ್ಕ್ ತಗೀಬೇಕಂತ ಕೈ ಹಾಕಿದ್ದೆ. ಬಾಣ ಕಂಡು, ತಮ್ಮ ಬಂದಾನ, ಏನೋ ಕೆಲಸಾ ಮಾಡಾಕತ್ತಾನ, ಈಗ ತಗದ್ರ ಕೆಡತೈತಿ ಅಂತ ಬಿಟ್ಟೆ. ಸಂಜಿತನಾ ಓಡ್ಯಾಡ್ತು. ಹಂಗ ಬಿಟ್ಟು ಮನಿಗೆ ಹೋದೆ."

ಗಾಳಿಗೆ ಅವಳ ತಲೆಯ ಮೇಲಿನ ಚೀಲ ಪಟಪಟ ಎನ್ನುತ್ತಿತ್ತು.

"ಸಾವಕಾರ್ರ ಮುಂದ ಇದನ್ನ ಹೇಳ್ಲಿಲ್ಲ. ಮದಲ ನಿನ್ನ ಕೇಳ್ಬೇಕನಿಸ್ತು. ಅದಕ್ಕ ಮರತೆ ಅಂದೆ" ಎಂದಳು. ಆಮೇಲೆ, "ಮತ್ತ, ನೀ ಅಲ್ಲಂದ್ರ, ನೀ ಬರೂ ಬಾಗಲಾದಾಗ ಬ್ಯಾರೆ ಯಾರು ಬಂದಿದ್ರು?"

ಕಂಪ್ಯೂಟರಿನ ಎಬಿಸಿಡಿ ಗೊತ್ತಿಲ್ಲದವಳು ನೇರ ಅಲ್ಲಿಗೇ ಬಂದು ನಿಂತಿದ್ದಳು. ಹೇಳಬಹುದಿತ್ತು. ಅಕ್ಕಾ ತಪ್ಪು ನಂದು ಎಂದು ಹೇಳಲು ಎಷ್ಟು ಹೊತ್ತು ಬೇಕು? ನನ್ನ ಬಾಯಿಂದ ಬಂದದ್ದು, "ಗೊತ್ತಿಲ್ರಿ ಅಕ್ಕಾ. ಅವ್ರು ಹ್ಯಾಂಗರ ಬರತಾರ" ಎಂಬ ಮಾತು. ಅವಳು ಈಗ ತಿರುಗಿ ನನ್ನ ಮುಖ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ. ಮುಂದಿನ ಕಲ್ಲಿನ ಕಡೆ ನಡೆದಳು.

"ಬರ್ಕೊ" ಎಂದಳು. "ಇದು ಹುಬ್ಬಳ್ಳಿ ಗಿರಾಕಿದು. ಮನಿ ಮುಂದ ಹತ್ತೂ ಪಾವಟಿಗಿಗೆ ಬೇಕಂದಿದ್ದ."

ಅಂದಿನಿಂದ ಪಲ್ಯ, ರೊಟ್ಟಿ ಎಲ್ಲ ಮೊದಲಿನಂತೆಯೇ ಬಂದವು. ನನ್ನ ಮಗಳ ವಿಚಾರವನ್ನೂ ಕೇಳುತ್ತಿದ್ದಳು. ಆದರೆ ಬಾಣದ ವಿಷಯ ಮತ್ತೆ ಎತ್ತಲಿಲ್ಲ. ನಾನು ದಿನವೂ ಬೈಕು ಹತ್ತುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹುನಗುಂದ ಬರುವಷ್ಟರಲ್ಲಿ ನಾಳೆ ಎನಿಸುತ್ತಿತ್ತು. ಅಂಗಡಿಯ ಹೆಸರು ಕೆಟ್ಟರೆ ಬಾಗಲಕೋಟೆಯಲ್ಲಿ ಯಾರು ನನಗೆ ಕೆಲಸ ಕೊಟ್ಟಾರು ಎಂಬ ಹೆದರಿಕೆ. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರು ಇಡುವುದಿಲ್ಲ.

ಪಟ್ಟಿ ಮುಗಿಯಿತು. ಯಂತ್ರ ತಿರುಗಿತು. ಲಾರಿಗಳು ಹೊರಟವು. ನಾಗರ ಅಮಾವಾಸ್ಯೆಗೆ ಮತ್ತೆ ಪೂಜೆ ಆಯಿತು. ಅದರ ಮಾರನೆಯ ದಿನ ನಾನು ಸಾವಕಾರರ ಕೋಣೆಯ ಹೊರಗೆ ಗೋಡೆಗೆ ಹೊಸ ರೌಟರು ಕೂಡಿಸುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತು ಕೇಳುತ್ತಿತ್ತು.

"ನಿನ್ನ ಮ್ಯಾಲ ಸಿಟ್ಟಿಲ್ಲವಾ ಗಂಗವ್ವಾ" ಎನ್ನುತ್ತಿದ್ದರು ಸಾವಕಾರರು. "ಕಲ್ಲು ಗುರ್ತ ಹಿಡದಿ, ನಮ್ಮ ಮಾನ ಉಳಿಸಿದಿ. ಆದ್ರ ಫೋನ್ ಈಗ ತಾನ ಎತ್ತತೈತಿ. ಇದ್ದ ಒಂದ ಕೆಲಸದಾಗ ನೀ ಮರತಿ. ವಯಸ್ಸಾತೋ ಏನೋ. ಇನ್ನ ಮನ್ಯಾಗ ಆರಾಮ ಇರು."

"ನಾ ಮರಿಯಾಕಿ ಅಲ್ರಿ" ಎಂದಳು ಗಂಗಕ್ಕ. ಅಷ್ಟೇ ಎಂದಳು.

ಸಾವಕಾರರು ಕಾದರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದೆ. ಬಾಗಿಲು ನನ್ನಿಂದ ಎರಡು ಹೆಜ್ಜೆ ದೂರ. ಆ ಎರಡು ಹೆಜ್ಜೆ ನಾನು ಇಡಲಿಲ್ಲ.

ಅವಳು ಹೊರಗೆ ಬಂದಳು. ನನ್ನ ಪಕ್ಕ ನಿಂತು, "ಆ ಪಟ್ಟಿ ಎರಡ ಕಡೆ ಇಟ್ಟಿದಿಲ್ಲೋ?" ಎಂದು ಕೇಳಿದಳು.

"ಇಟ್ಟೇನ್ರಿ."

"ಹಂಗಾರ ಆತು." ಕಪಾಟಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಹೋದಳು. ಹೆದ್ದಾರಿಯ ಪಕ್ಕ ಬಸ್ಸಿಗೆ ಕಾಯುತ್ತ ಅವಳು ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಬಸ್ಸು ತಡವಾಗಿ ಬಂತು.

ಆ ಶ್ರಾವಣದಲ್ಲೇ ಸಾವಕಾರರು ಹುನಗುಂದ, ಬಾಗಲಕೋಟೆಯ ತಮ್ಮ ಆಫೀಸುಗಳ ಕೆಲಸವನ್ನೂ ನನಗೇ ಕೊಟ್ಟರು. "ಭಾಳ ನಂಬಿಗಸ್ತ ಹುಡುಗ" ಎಂದು ನಾಲ್ಕು ಜನರ ಮುಂದೆ ಹೇಳಿದರು. ಗಂಗಕ್ಕ ಡಿಸ್ಕು ಮರೆತು ಕಂಪನಿ ಮುಳುಗಿಸುತ್ತಿದ್ದಳು ಎಂಬ ಸುದ್ದಿ ಇಳಕಲ್ಲಿನ ಆಫೀಸುಗಳಲ್ಲೆಲ್ಲ ಹಬ್ಬಿತು. ಆ ಹೆಸರು ಹೊತ್ತವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಆರು ತಿಂಗಳು ತಿರುಗಿ, ಕೊನೆಗೆ ಬಾದಾಮಿಗೆ ತಂಗಿಯ ಮನೆಗೆ ಹೋದಳೆಂದು ಕೇಳಿದೆ.

ನಾನು ಸುಧಾರಿಸಿದೆ. ಎಲ್ಲ ಗಿರಾಕಿಗಳ ಬಾಗಿಲು ಮುಚ್ಚಿದೆ, ಪಾಸ್‌ವರ್ಡ್ ಬದಲಿಸಿದೆ, ಈ ವಿದ್ಯೆಯನ್ನು ಕುಳಿತು ಓದಿ ಕಲಿತೆ. ಎಷ್ಟು ಸುಧಾರಿಸಿದೆನೆಂದರೆ ಬಾಗಲಕೋಟೆಯ ವ್ಯಾಪಾರಸ್ಥರು ಒಮ್ಮೆ ನನ್ನನ್ನು ಕರೆದು ಕಂಪ್ಯೂಟರ್ ಭದ್ರತೆಯ ಬಗ್ಗೆ ಮಾತಾಡಿಸಿದರು. ಅಲ್ಲಿ ನಾನು ಒಂದು ಉದಾಹರಣೆ ಕೊಟ್ಟೆ. ಒಂದು ಊರಿನಲ್ಲಿ ಒಬ್ಬ ಹೆಣ್ಣುಮಗಳು ಡಿಸ್ಕಿಗೆ ಪೂಜೆ ಮಾಡಿ, ತೆಗೆಯಲು ಮರೆತು ಮನೆಗೆ ಹೋದಳು ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆ ಬರುತ್ತಿದೆ.

ಈ ವರ್ಷ ಮಾಘದಲ್ಲಿ ಸಾವಕಾರರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಲ್ಲಿ ಕಣ್ಣೀರನ್ನೂ ಹಾಕಿದೆ. ಬರುವಾಗ ದಾರಿಯಲ್ಲಿ, ಇನ್ನು ಗಂಗಕ್ಕನಿಗೆ ಹೇಳಬಹುದು ಎಂಬ ವಿಚಾರ ಬಂತು. ಬಂದ ವಿಚಾರ ಹಾಗೇ ಉಳಿದಿತ್ತು. ಆ ಟ್ಯೂಷನ್ ಕ್ಲಾಸಿನ ಕರ್ಪೂರದ ವಾಸನೆಯ ಮೂರನೆಯ ದಿನಕ್ಕೆ ಬಾದಾಮಿಯ ಬಸ್ಸು ಹತ್ತಿದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ. ಅದರ ಹಿತ್ತಲಿನಲ್ಲಿ ಗಂಗಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಲೆಯ ಹೊಗೆಗೆ ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡು ನಕ್ಕಳು, ಮಣೆ ತೋರಿಸಿದಳು. ಮಗಳು ಯಾವ ಇಯತ್ತೆ ಎಂದು ಕೇಳಿದಳು. ಒಂದನೆಯದು ಎಂದೆ. ಆಮೇಲೆ ನಾನು ತಡ ಮಾಡಲಿಲ್ಲ, ತಡ ಮಾಡಿದರೆ ಮತ್ತೆ ಎದ್ದು ಬರುತ್ತೇನೆಂದು ಗೊತ್ತಿತ್ತು.

"ಅಕ್ಕಾ, ಆ ಬಾಗಲಾ ತಗದಿಟ್ಟಾವ ನಾನ್ರಿ. ನನ್ನ ತಪ್ಪಿನಿಂದನ ಅವ್ರು ಒಳಗ ಬಂದ್ರು. ನೋಡಿದ್ದೆ ನಾ. ನೋಡಿ ಅಳಿಸಿಬಿಟ್ಟೆ."

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತ ದೊಡ್ಡದಾಯಿತು. ಎತ್ತಿ ಹಂಚಿನ ಮೇಲೆ ಹಾಕಿ, ನೀರು ಸವರಿದಳು.

"ಗೊತ್ತೈತಿ" ಎಂದಳು. "ಕಲ್ಲಿನ ಹತ್ರ ಕೇಳಿದ್ನೆಲ್ಲ, ಅವತ್ತ ನಿನ್ನ ಮಾರಿ ನೋಡಿ ಗೊತ್ತಾತು."

"ಮತ್ತ ಸಾವಕಾರ್ರಿಗೆ ಯಾಕ ಹೇಳ್ಲಿಲ್ರಿ?"

"ನೀ ಹೇಳ್ತಿ ಅನ್ಕೊಂಡೆ."

ಒಲೆಗೆ ಒಂದು ಕಟ್ಟಿಗೆ ಒಳಗೆ ನೂಕಿದಳು. ನಾನು ಅಳುತ್ತಿದ್ದೆನೋ ಹೊಗೆಗೆ ಕಣ್ಣೀರು ಬರುತ್ತಿತ್ತೋ, ನನಗೇ ತಿಳಿಯಲಿಲ್ಲ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

"ಸಾವಕಾರ್ರು ಹೋಗಿ ಎಷ್ಟ ತಿಂಗಳಾತು?"

"ಐದ್ರಿ."

"ಅವ್ರ ಮುಂದ ಇದನ್ನ ಹೇಳಿದ್ದೇನು, ಒಮ್ಮೆರ?"

"ಇಲ್ರಿ ಅಕ್ಕಾ."

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅವಳು ಅದನ್ನು ಬಟ್ಟೆಯಿಂದ ಒತ್ತಿ ತೆಗೆದು, ಉಳಿದವುಗಳ ಮೇಲೆ ಹಾಕಿದಳು.

"ನನಗ ಹೇಳಾಕ ಇಲ್ಲೀತನಾ ಯಾಕ ಬಂದೆಪಾ? ನನಗ ಗೊತ್ತಿತ್ತಲ್ಲ" ಎಂದಳು. "ಇಪ್ಪತ್ತೆರಡ ವರ್ಷ ಅವ್ರ ಉಪ್ಪ ಉಂಡೇನಿ. ನಾ ಮರತಾಕಿ ಅಂತ ತಿಳ್ಕೊಂಡನ ಹೋದ್ರಲ್ಲೋ ತಮ್ಮಾ ಅವ್ರು."